ತೊಂಬತ್ತು ಮಿಲಿಮೀಟರಿನ ಗಾಲಿ

ಕ್ಷೌರದಂಗಡಿಯವನ ಬಲಗೈಯ ಮೂರು ಬೆರಳುಗಳನ್ನು ಅವಳು ಮುರಿದಾಗ ಅವಳಿಗೆ ನಲವತ್ತೊಂದು ವರ್ಷ. ಹಾಡಹಗಲು, ಅವನದೇ ಅಂಗಡಿಯ ಹೊಸ್ತಿಲಲ್ಲಿ, ಪೆಡಲು ಬಿಚ್ಚುವ ಉದ್ದ ಹಿಡಿಯ ಸ್ಪ್ಯಾನರಿನಿಂದ. ಅವನು ಬಾಗಿಲಿನ ಚೌಕಟ್ಟಿಗೆ ಕೈಯೂರಿ ನಿಂತಿದ್ದ. ಮೊದಲ ಏಟಿಗೆ ಎರಡು ಬೆರಳು ಹೋದವು, ಎರಡನೆಯದಕ್ಕೆ ಇನ್ನೊಂದು. ಮೂರನೆಯ ಏಟು ಮರಕ್ಕೆ ಬಿತ್ತು. ಅಷ್ಟರಲ್ಲಿ ಅರ್ಧ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿಯೊಬ್ಬ ಎದ್ದು ಬಂದು ಅವಳನ್ನು ಹಿಂದಿನಿಂದ ಅವುಚಿ ಹಿಡಿದ. ಹೊಡೆಯುವ ಮುಂಚೆ ಅವಳು ಒಂದು ಪ್ರಶ್ನೆ ಕೇಳಿದ್ದಳು, ಅವನು ಉತ್ತರ ಕೊಟ್ಟಿದ್ದ. ಉತ್ತರ ನಿಜವಾಗಿತ್ತು.

ಗಾಲಿ ಕೂದಲೆಳೆಯಷ್ಟು ಓರೆಯಾಗಿ ತಿರುಗಿದರೂ ಬರಿಗಣ್ಣಿನಲ್ಲಿ ಕಂಡುಹಿಡಿಯುತ್ತಿದ್ದ ಹೆಂಗಸು ಇಷ್ಟು ದೊಡ್ಡದನ್ನು ಹೇಗೆ ಕಾಣದೆ ಹೋದಳು ಎಂಬುದನ್ನು ಮೊದಲಿನಿಂದಲೇ ಹೇಳಬೇಕು.

ಅವಳ ಅಪ್ಪ ಸೈಕಲ್ ರಿಪೇರಿಯವನು. ರಸ್ತೆಗೆ ಬಾಯಿ ತೆರೆದ ಒಂದು ಕೋಣೆ ಅಂಗಡಿ, ಹಲಗೆಯ ಮರೆಯ ಹಿಂದೆ ಸಂಸಾರ. ಗಾಲಿಯ ಕಡ್ಡಿಗಳನ್ನು ಬಿಗಿದು ಸಡಿಲಿಸಿ ಅದನ್ನು ನೇರ ಮಾಡುವ ಕೆಲಸವನ್ನು ಅವನು ಮಗಳಿಗೆ ಒಂಬತ್ತನೆಯ ವಯಸ್ಸಿಗೇ ಹಚ್ಚಿದ. ಗಾಲಿ ತಿರುಗಿಸಿದಾಗ ಬ್ರೇಕಿನ ರಬ್ಬರಿಗೆ ಸೋಕಿದ ಸದ್ದು ಕೇಳಿಸಿದರೆ, ಕೈಗೆ ಸಿಕ್ಕ ಹಳೆಯ ಕಡ್ಡಿಯಿಂದ ಅವಳ ಮೊಣಕಾಲಿನ ಹಿಂಭಾಗಕ್ಕೆ ಬಾರಿಸುತ್ತಿದ್ದ. ಸೈಕಲ್ ಕಡ್ಡಿ ಮೂಳೆ ಮುರಿಯುವುದಿಲ್ಲ, ಚರ್ಮದ ಮೇಲೆ ಗೆರೆ ಎಳೆಯುತ್ತದೆ. ಹನ್ನೊಂದು ವರ್ಷಕ್ಕೆ ಅವಳು ಅಪ್ಪನಿಗಿಂತ ಚೆನ್ನಾಗಿ ಗಾಲಿ ಕಟ್ಟುತ್ತಿದ್ದಳು. ಏಟಿನಿಂದಲೇ ವಿದ್ಯೆ ಬಂತು ಎಂದು ಮುಂದೆ ಎಲ್ಲರಿಗೂ ಹೇಳಿಕೊಂಡು ಬಂದಳು. ಅದು ತಪ್ಪು ಲೆಕ್ಕ. ಅವಳಿಗಿಂತ ಒಂಬತ್ತು ವರ್ಷಕ್ಕೆ ಕಿರಿಯನಾದ ತಮ್ಮನೂ ಅಷ್ಟೇ ಏಟು ತಿಂದ. ಅವನಿಗೆ ಇವತ್ತಿಗೂ ಪಂಕ್ಚರ್ ಹಾಕಲು ಬರುವುದಿಲ್ಲ. ವಿದ್ಯೆ ಅವಳ ಕಣ್ಣಿನಲ್ಲೇ ಇತ್ತು. ಏಟಿನಿಂದ ಅವಳಿಗೆ ಬಂದದ್ದು ಏಟು ಹಾಕುವುದು, ಅಷ್ಟೇ.

ಅಮ್ಮ ತಮ್ಮನ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅವಳಿಗೆ ಹತ್ತೊಂಬತ್ತಾದಾಗ ಅಪ್ಪನೂ ಹೋದ. ಹತ್ತು ವರ್ಷದ ತಮ್ಮನನ್ನು ಅವಳು ಸಾಕಿದಳು, ಅಪ್ಪನ ಪದ್ಧತಿಯಲ್ಲೇ ಸಾಕಿದಳು. ಶಾಲೆ ತಪ್ಪಿಸಿದರೆ ಕೆನ್ನೆಗೆ, ಸುಳ್ಳು ಹೇಳಿದರೆ ಬೆನ್ನಿಗೆ. ಅವನನ್ನು ಹೊರಗಿನವರು ಮುಟ್ಟಿದರೆ ಮಾತ್ರ ಮುಟ್ಟಿದವರಿಗೆ ಉಳಿಗಾಲವಿರಲಿಲ್ಲ. ಒಮ್ಮೆ ಅವನ ಕಿವಿ ಹಿಂಡಿದ ಶಾಲೆಯ ಮೇಷ್ಟರನ್ನು ತರಗತಿಯೊಳಗೇ ಕಪ್ಪು ಹಲಗೆಗೆ ಒತ್ತಿ ಹಿಡಿದಿದ್ದಳು. ಅವಳು ಕೈಬಿಟ್ಟಾಗ ಮೇಷ್ಟರ ಬೆನ್ನಿನ ಮೇಲೆ ಗಣಿತದ ಪಾಠ ಅಚ್ಚಾಗಿತ್ತಂತೆ. ತಮ್ಮ ಈ ಕಥೆಯನ್ನು ನಗುತ್ತ ಹೇಳುತ್ತಿದ್ದ. ಸೈಕಲನ್ನು ಅಷ್ಟು ಜೋರಾಗಿ ತುಳಿಯುವುದನ್ನು ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, ಅಕ್ಕನಿಂದ ತಪ್ಪಿಸಿಕೊಳ್ಳುವಾಗ ಎನ್ನುತ್ತಿದ್ದ.

ಅಂಗಡಿ ಮುಚ್ಚಿ ಅವಳು ಫ್ಯಾನು ತಯಾರಿಸುವ ಕಾರ್ಖಾನೆಗೆ ಸೇರಿದಳು. ಸುರಂಗಗಳಿಗೆ, ಗಣಿಗಳಿಗೆ ಗಾಳಿಯೂಡುವ, ಆಳೆತ್ತರದ ಫ್ಯಾನುಗಳು. ತಯಾರಾದ ಫ್ಯಾನನ್ನು ಒಂದು ಉದ್ದನೆಯ ತಗಡಿನ ಕೊಳವೆಯ ಬಾಯಿಗೆ ಕೂರಿಸಿ, ಪೂರ್ತಿ ವೇಗಕ್ಕೆ ಓಡಿಸಿ, ರೆಕ್ಕೆಗಳು ತಡೆದುಕೊಳ್ಳುತ್ತವೆಯೇ ಎಂದು ನೋಡುವುದು ಅವಳ ಕೆಲಸ. ತಡೆದುಕೊಳ್ಳದ ಒಂದು ರೆಕ್ಕೆ ಒಂದು ದಿನ ತಗಡನ್ನು ಸೀಳಿಕೊಂಡು ಹೋಗಿ, ಪಕ್ಕದ ಶೆಡ್ಡಿನಲ್ಲಿದ್ದ ಕೈಗಾಡಿಯನ್ನು ಎರಡು ಹೋಳು ಮಾಡಿತು. ಬೋಲ್ಟು ಬಿಗಿಯದೆ ಬಿಟ್ಟಿದ್ದ ಫಿಟ್ಟರನ ಕಾಲರು ಹಿಡಿದು, ಆ ರೆಕ್ಕೆಯ ಮೊನೆಗೆ ಅವನ ಮೂಗು ತಾಗುವವರೆಗೆ ಬಗ್ಗಿಸಿ ತೋರಿಸಿದಳು. ಅಂದಿನಿಂದ ಅವಳಿಗೆ ಸುತ್ತಿಗೆ ಎಂಬ ಹೆಸರು ಬಿತ್ತು. ಬೆನ್ನ ಹಿಂದೆ ಮಾತ್ರ ಕರೆಯುತ್ತಿದ್ದರು.

ತಮ್ಮ ಬೆಳೆದು ಗೋದಾಮೊಂದರಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದ. ಭಾನುವಾರಗಳಲ್ಲಿ ಟೈಮ್ ಟ್ರಯಲ್ ಓಡಿಸುತ್ತಿದ್ದ. ಈ ಪಂದ್ಯದಲ್ಲಿ ಗುಂಪಿಲ್ಲ. ನಿಮಿಷಕ್ಕೊಬ್ಬನಂತೆ ಸವಾರರನ್ನು ಬಿಡುತ್ತಾರೆ. ಪ್ರತಿಯೊಬ್ಬನೂ ಒಬ್ಬಂಟಿಯಾಗಿ ನಲವತ್ತು ಕಿಲೋಮೀಟರು ತುಳಿಯಬೇಕು, ಇನ್ನೊಬ್ಬನ ಬೆನ್ನ ಮರೆಯಲ್ಲಿ ಅಡಗುವಂತಿಲ್ಲ, ಕಡಿಮೆ ಹೊತ್ತು ತೆಗೆದುಕೊಂಡವನು ಗೆದ್ದ. ಗಂಟೆಗೆ ನಲವತ್ತೈದರ ವೇಗದಲ್ಲಿ ಸವಾರನ ಕಾಲಿನ ಬಲದ ಬಹುಪಾಲು ರಸ್ತೆಗೆ ಹೋಗುವುದಿಲ್ಲ, ಎದುರಿನ ಗಾಳಿಯನ್ನು ತಳ್ಳುವುದಕ್ಕೆ ಹೋಗುತ್ತದೆ. ತಮ್ಮ ಮೂರು ವರ್ಷ ಎರಡನೆಯ ಸ್ಥಾನದಲ್ಲೇ ಉಳಿದ. ಮೊದಲ ಸ್ಥಾನದಲ್ಲಿ ಪ್ರತಿಸಲವೂ ಕ್ಷೌರದಂಗಡಿಯವನು. ತೆಳ್ಳಗೆ, ಉದ್ದಕ್ಕೆ, ಕತ್ತು ಮುಂದಕ್ಕೆ ಚಾಚಿ ಓಡಿಸುತ್ತಿದ್ದುದರಿಂದ ಅವನನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಪಂದ್ಯ ಮುಗಿದ ಮೇಲೆ ಅವಳ ಬಳಿ ಬಂದು, ಅಕ್ಕ, ನಿಮ್ಮ ತಮ್ಮನಿಗೆ ಕಾಲು ಇದೆ, ಸೈಕಲ್ ಇಲ್ಲ ಅಷ್ಟೇ ಎಂದಿದ್ದ. ಕಾಳಜಿಯಿಂದ ಹೇಳಿದ ಮಾತು ಅವಳ ಮೈಗೆ ಬೆಂಕಿ ಹಚ್ಚಿತು.

ಗಾಳಿಯ ವಿಷಯ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಫ್ಯಾನಿನ ರೆಕ್ಕೆಯ ಹಿಂದೆ ಗಾಳಿ ಎಲ್ಲಿ ಅಂಟಿಕೊಂಡು ಹರಿಯುತ್ತದೆ, ಎಲ್ಲಿ ಹರಿದು ಚಿಂದಿಯಾಗುತ್ತದೆ ಎಂಬುದನ್ನು ಇಪ್ಪತ್ತು ವರ್ಷ ನೋಡಿದ್ದಳು. ಮಾಮೂಲಿ ಗಾಲಿಯ ಅಂಚು ಗಿಡ್ಡವಾಗಿರುತ್ತದೆ. ಟೈರನ್ನು ದಾಟಿ ಬಂದ ಗಾಳಿ ಅಲ್ಲೇ ಹರಿದುಹೋಗಿ ಗಾಲಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅದೇ ಅಂಚನ್ನು ಮೀನಿನ ಬಾಲದ ಹಾಗೆ ಒಳಮುಖವಾಗಿ ಆಳಕ್ಕೆ ಎಳೆದರೆ ಗಾಳಿ ಅಂಟಿಕೊಂಡೇ ಜಾರುತ್ತದೆ. ಹಿಂದಿನ ಗಾಲಿಗಂತೂ ಪೂರ್ತಿ ತಟ್ಟೆಯನ್ನೇ ಮುಚ್ಚಬಹುದು, ಏಕೆಂದರೆ ಅದು ಹ್ಯಾಂಡಲಿನ ಜೊತೆ ಹೊರಳುವ ಗಾಲಿಯಲ್ಲ. ಮುಂದಿನದನ್ನು ಎಷ್ಟು ಆಳ ಮಾಡಬೇಕು ಎಂಬುದೇ ಪ್ರಶ್ನೆ.

ಎರಡು ಕೋಣೆಯ ಮನೆಯ ಅಡುಗೆಕಟ್ಟೆಯ ಮೇಲೆ ಅಚ್ಚು ಇಟ್ಟು, ಫೈಬರ್ ಬಟ್ಟೆಗೆ ಅಂಟು ಬಳಿದು, ಅವಳು ಗಾಲಿಗಳನ್ನು ಎರಕ ಹೊಯ್ದಳು. ಮನೆಯೆಲ್ಲ ಕಣ್ಣುರಿಯುವ ವಾಸನೆ. ಉಜ್ಜಿದ ಪುಡಿ ಚರ್ಮದಲ್ಲಿ ನಾಟಿ ತಮ್ಮ ವಾರಗಟ್ಟಲೆ ಮೈ ಕೆರೆದುಕೊಂಡ. ತಯಾರಾದ ಗಾಲಿಯನ್ನು ಪರೀಕ್ಷಿಸಲು ಭಾನುವಾರದ ಹೊತ್ತು ಕಾರ್ಖಾನೆಯ ಕೊಳವೆ ಬೇಕಿತ್ತು. ಮೇಸ್ತ್ರಿ ಇಲ್ಲವೆನ್ನುವ ಧೈರ್ಯ ಮಾಡಲಿಲ್ಲ. ಏನಾದ್ರೂ ಮಾಡ್ಕೊಳಮ್ಮ, ನನ್ನ ಹೆಸರು ಮಾತ್ರ ಎತ್ತಬೇಡ ಎಂದು ಹೇಳಿ, ಫ್ಯಾನಿನ ಸ್ವಿಚ್ಚಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ.

ಕೊಳವೆಯೊಳಗೆ ಅವಳು ಒಂದು ಪೀಠ ಮಾಡಿದ್ದಳು. ಸೈಕಲನ್ನು ಅದರ ಮೇಲೆ ನಿಲ್ಲಿಸಿ, ಎರಡೂ ಗಾಲಿಗಳ ಇರುಸುಗಳನ್ನು, ಮುಂದಿನದು ಹೊರಳಲು ಆಸ್ಪದವಿರುವ ಹಾಗೆ, ಹಿಡಿಕೆಯಿಂದ ಬಿಗಿದು, ಕೆಳಗೆ ಸಣ್ಣ ಮೋಟಾರಿನಿಂದ ಗಾಲಿ ತಿರುಗಿಸುತ್ತಿದ್ದಳು. ಫ್ಯಾನು ಗಾಳಿ ಊದುವಾಗ ಸೈಕಲನ್ನು ಅದು ಎಷ್ಟು ಗ್ರಾಮಿನಷ್ಟು ಹಿಂದಕ್ಕೆ ಒತ್ತುತ್ತದೆ ಎಂದು ಒಂದು ತಕ್ಕಡಿ ತೋರಿಸುತ್ತಿತ್ತು. ರಸ್ತೆಯಲ್ಲಿ ಗಾಳಿ ನೆಟ್ಟಗೆ ಎದುರಿನಿಂದ ಬರುವುದು ಅಪರೂಪ, ಆದ್ದರಿಂದ ಪೀಠವನ್ನು ಎರಡೆರಡು ಡಿಗ್ರಿ ಓರೆ ಮಾಡುತ್ತ ಅಂಕಿ ಬರೆದುಕೊಳ್ಳುವಳು. ಸವಾರನನ್ನು ಕೂರಿಸುತ್ತಿರಲಿಲ್ಲ, ಮನುಷ್ಯ ಉಸಿರಾಡಿದರೂ ಅಂಕಿ ಅಲುಗುತ್ತದೆ. ಸವಾರನಿಲ್ಲದಿದ್ದರೆ ಹ್ಯಾಂಡಲ್ ತನಗೆ ತೋಚಿದತ್ತ ಆಡುತ್ತದೆ. ಹಾಗಾಗಿ ಹ್ಯಾಂಡಲನ್ನು ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯಿಂದ ಚೌಕಟ್ಟಿಗೆ ಕಟ್ಟಿ ಹಾಕಿದಳು.

ಅಳತೆ ಮಾಡುವವರೆಲ್ಲರೂ ಮಾಡುವ ಕೆಲಸವೇ ಅದು. ಅಲುಗುವುದನ್ನು ಕಟ್ಟಿಹಾಕದಿದ್ದರೆ ಅಳತೆ ಸಿಗುವುದಿಲ್ಲ.

ತೊಂಬತ್ತು ಮಿಲಿಮೀಟರು ಆಳದ ಮುಂದಿನ ಗಾಲಿಗೆ ಸಿಕ್ಕ ಅಂಕಿ ನೋಡಿ ಅವಳು ಮೊದಲು ತಕ್ಕಡಿಯನ್ನೇ ಅನುಮಾನಿಸಿದಳು. ಓರೆ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತಿತ್ತು. ಪಕ್ಕದ ಗಾಳಿ ಗಾಲಿಯನ್ನು ಹಾಯಿಯ ಹಾಗೆ ಹಿಡಿದು ಮುಂದಕ್ಕೆ ನೂಕುತ್ತಿತ್ತು. ಹನ್ನೆರಡು ಡಿಗ್ರಿಗೆ ಹಳೆಯ ಗಾಲಿಯ ಅರ್ಧದಷ್ಟೇ ಒತ್ತಡ. ಹದಿನಾಲ್ಕಕ್ಕೆ ಅಂಕಿ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ ಕುಣಿಯತೊಡಗಿತು, ರಬ್ಬರ್ ಪಟ್ಟಿ ತಂತಿಯಂತೆ ಸೆಟೆದು ಮಿಡಿಯಿತು. ಕಟ್ಟು ಸಡಿಲವಾಗಿದೆ ಎಂದುಕೊಂಡು ಇನ್ನೊಂದು ಸುತ್ತು ಬಿಗಿದಳು. ಅಂಕಿ ಶಾಂತವಾಯಿತು. ಪುಸ್ತಕದಲ್ಲಿ ಶಾಂತವಾದ ಅಂಕಿಯನ್ನೇ ಬರೆದಳು. ಆ ಕೊಳವೆಯಲ್ಲಿ ನಿಜ ಹೇಳುತ್ತಿದ್ದದ್ದು ಆ ಪಟ್ಟಿಯೊಂದೇ.

ತಮ್ಮ ಆ ಗಾಲಿಯನ್ನು ಒಂದು ತಿಂಗಳು ಬೆಳಗಿನ ಐದೂವರೆಗೆ ಅಭ್ಯಾಸ ಮಾಡಿದ. ಆ ಹೊತ್ತಿನಲ್ಲಿ ರಸ್ತೆಯಲ್ಲಿ ಲಾರಿಯೂ ಇರುವುದಿಲ್ಲ, ಗಾಳಿಯೂ ಇರುವುದಿಲ್ಲ. ಒಮ್ಮೆ ಮಾತ್ರ ಬಂದು, ಹ್ಯಾಂಡಲ್ ಸ್ವಲ್ಪ ತುಂಟಾಟ ಮಾಡುತ್ತದೆ ಎಂದ. ಕೈಯಲ್ಲಿ ಮೂಳೆ ಇದೆಯೋ ಬಾಳೆದಿಂಡು ಇದೆಯೋ ಎಂದು ಅವಳು ಕೇಳಿದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಪಂದ್ಯದ ದಾರಿ ಮೂವತ್ತೊಂದನೆಯ ಕಿಲೋಮೀಟರಿನಲ್ಲಿ ಗೋದಾಮುಗಳ ಉದ್ದ ಗೋಡೆಯನ್ನು ಬಿಟ್ಟು ಸೇತುವೆಗೆ ಹತ್ತುತ್ತದೆ. ಗೋಡೆ ಇರುವಷ್ಟು ದೂರ ನಿಶ್ಶಬ್ದ. ಗೋಡೆ ಮುಗಿದ ಕೂಡಲೇ ನದಿಯ ಗಾಳಿ ಪಕ್ಕದಿಂದ ಬಡಿಯುತ್ತದೆ. ಕೊಕ್ಕರೆ ಒಂದು ನಿಮಿಷ ಮುಂಚೆ ಹೊರಟಿದ್ದ. ತಮ್ಮ ಅವನನ್ನು ಸೇತುವೆಯ ಬಾಯಲ್ಲೇ ಹಿಡಿದು ಪಕ್ಕಕ್ಕೆ ಬಂದ. ಆ ಒಂದು ನಿಮಿಷ ಹಿಡಿದನೆಂದರೆ ಮೂರು ವರ್ಷದಲ್ಲಿ ಮೊದಲ ಸಲ ಗೆದ್ದಂತೆಯೇ. ಸೇತುವೆಯ ಆಚೆ ತುದಿಯಲ್ಲಿ ಬಾವುಟ ಹಿಡಿದು ನಿಂತಿದ್ದವನು ಹೇಳಿದ್ದು ಇಷ್ಟೇ: ಇಬ್ಬರು ಅಕ್ಕಪಕ್ಕ ಇದ್ದರು, ಆಮೇಲೆ ಒಬ್ಬನೇ ಇದ್ದ.

ತಮ್ಮನ ಮುಖ ಸೇತುವೆಯ ಅಂಚಿನ ಕಂಬಿಯ ಬೋಲ್ಟಿಗೆ ಹೊಡೆದಿತ್ತು. ಕೆಳದವಡೆ ಎರಡು ಕಡೆ ಮುರಿದಿತ್ತು, ಏಳು ಹಲ್ಲು ಹೋಗಿದ್ದವು, ಎಡ ಕಿವಿ ಅರ್ಧ ಹರಿದು ನೇತಾಡುತ್ತಿತ್ತು, ಕೊರಳಿನ ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ನಿಂತಿತ್ತು. ಅವಳು ಬಂದು ಅವನ ಬಾಯಿಯ ರಕ್ತವನ್ನು ಬೆರಳಿನಿಂದ ತೋಡಿ ಉಸಿರಿಗೆ ದಾರಿ ಮಾಡಿದಳು. ಅವನನ್ನು ಗಾಡಿಗೆ ಹಾಕಿದ ಮೇಲೆ ಗಾಲಿಯನ್ನು ಎತ್ತಿ ತಿರುಗಿಸಿ ನೋಡಿದಳು. ಒಂದು ಗೀರು ಬಿಟ್ಟರೆ ಗಾಲಿಗೆ ಏನೂ ಆಗಿರಲಿಲ್ಲ. ಕಡ್ಡಿ ಬಿಗಿಯಾಗಿತ್ತು, ಅಂಚು ನೇರವಾಗಿತ್ತು, ಟೈರು ಗಟ್ಟಿಯಾಗಿತ್ತು. ಗಾಲಿ ಕಟ್ಟುವವರ ಪಾಲಿಗೆ ತಪ್ಪೆಂದರೆ ಮುರಿಯುವುದು. ಮುರಿಯದ ಗಾಲಿ ತಪ್ಪು ಮಾಡಿಲ್ಲ. ಹಾಗಾದರೆ ಮಾಡಿದವನು ಇನ್ನೊಬ್ಬನೇ.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದು ಮಲಗಿಸಿದ್ದ ತಮ್ಮನಿಗೆ ಏನೂ ನೆನಪಿರಲಿಲ್ಲ. ಕಾಗದದ ಮೇಲೆ ‘ಏನಾಯಿತು?’ ಎಂದು ಬರೆದು ತೋರಿಸಿದ. ಕೊಕ್ಕರೆ ತಳ್ಳಿದ ಎಂದಳು. ಅವನು ಆ ಕಾಗದವನ್ನು ಬಹಳ ಹೊತ್ತು ನೋಡಿ, ಅದರ ಕೆಳಗೆ ಒಂದು ಬೈಗುಳ ಬರೆದ.

ಅಲ್ಲಿಂದ ಅವಳು ನೇರವಾಗಿ ಕ್ಷೌರದಂಗಡಿಗೆ ಹೋದಳು.

“ನನ್ನ ತಮ್ಮನ್ನ ಯಾವ ಕೈಯಲ್ಲಿ ತಳ್ಳಿದೆ?”

“ಅಯ್ಯೋ ಇಲ್ಲ ಅಕ್ಕ, ನಾನು ಮುಟ್ಟೇ ಇಲ್ಲ. ಅವನ ಹ್ಯಾಂಡಲ್ ತಾನಾಗೇ ತಿರುಗಿಬಿಡ್ತು. ಹೇಗಿದಾನೆ ಅವನು?”

ಅವನು ಕೇಳಿದ ಪ್ರಶ್ನೆ ಮುಗಿಯುವಷ್ಟರಲ್ಲಿ ಸ್ಪ್ಯಾನರು ಇಳಿದಿತ್ತು.

ಹನ್ನೊಂದು ದಿನ ಅವಳು ಲಾಕಪ್ಪಿನಲ್ಲಿದ್ದಳು. ಮೇಸ್ತ್ರಿ ಜಾಮೀನು ಕೊಟ್ಟು ಬಿಡಿಸಿದ. ಅವಳಿಲ್ಲದೆ ಫ್ಯಾನು ಪರೀಕ್ಷಿಸುವವರು ಇರಲಿಲ್ಲ. ವಕೀಲ ಒಂದೇ ದಾರಿ ತೋರಿಸಿದ: ತಮ್ಮನನ್ನು ಸಾಯಿಸಲು ನೋಡಿದವನ ಮೇಲೆ ಅಕ್ಕ ಕೈ ಎತ್ತಿದಳು, ಯಾವ ನ್ಯಾಯಾಧೀಶರಿಗಾದರೂ ಕರುಳಿರುತ್ತದೆ. ತಮ್ಮ ಹೇಳಿಕೆಗೆ ಸಹಿ ಹಾಕಿದ. ನೆನಪಿಲ್ಲದ್ದನ್ನು ನೆನಪಿದೆ ಎಂದು ಬರೆಸಿದ. ಅಕ್ಕ ಹೇಳಿದ್ದು ಅವನಿಗೆ ನೆನಪಿಗಿಂತ ಗಟ್ಟಿ. ಕೊಕ್ಕರೆಯ ಬೆರಳುಗಳು ಕೂಡಿಕೊಂಡವು, ಆದರೆ ಸೊಟ್ಟಗೆ. ಅವನ ಕೈಯಲ್ಲಿ ಕತ್ತರಿ ನಿಲ್ಲಲಿಲ್ಲ, ಬ್ರೇಕೂ ನಿಲ್ಲಲಿಲ್ಲ.

ಐದು ತಿಂಗಳಿಗೆ ತಮ್ಮ ಮತ್ತೆ ಸೈಕಲ್ ಹತ್ತಿದ. ಮುಖ ಒಂದು ಕಡೆಗೆ ವಾಲಿತ್ತು, ಮಾತು ಬಾಯಿಯ ಬಲಗಡೆಯಿಂದ ಬರುತ್ತಿತ್ತು. ಅದೇ ದಾರಿಯಲ್ಲಿ ಮುಂದಿನ ಪಂದ್ಯವಿತ್ತು. ಕೊಕ್ಕರೆ ಇಲ್ಲದ ಪಂದ್ಯ, ಗೆಲ್ಲುವುದು ಖಂಡಿತ. ಅದೇ ಗಾಲಿ ಬೇಕು, ಸಾಧ್ಯವಾದರೆ ಇನ್ನೂ ಹತ್ತು ಮಿಲಿಮೀಟರು ಆಳ ಮಾಡು ಎಂದ. ಅವಳು ಮಾಡಿದಳು.

ಪಂದ್ಯಕ್ಕೆ ಒಂಬತ್ತು ದಿನ ಇರುವಾಗ ಅದನ್ನು ಕೊಳವೆಗೆ ಹಾಕಿದಳು. ಪೀಠವನ್ನು ಹದಿನಾಲ್ಕು ಡಿಗ್ರಿಗೆ ತಿರುಗಿಸಿ ತಕ್ಕಡಿ ನೋಡಲು ಬಗ್ಗಿದ್ದಾಗ, ವರ್ಷದಿಂದ ಸೆಟೆದು ಸೆಟೆದು ಬಿರುಕುಬಿಟ್ಟಿದ್ದ ರಬ್ಬರ್ ಪಟ್ಟಿ ಕಿತ್ತುಹೋಯಿತು. ಟೈಮ್ ಟ್ರಯಲ್ ಸೈಕಲಿನ ಹ್ಯಾಂಡಲಿಗೆ ಸವಾರ ಮೊಳಕೈಯೂರಲು ಮುಂದಕ್ಕೆ ಚಾಚಿದ ಎರಡು ಕೊಂಬುಗಳಿರುತ್ತವೆ. ಅದರಲ್ಲಿ ಒಂದು ಸುತ್ತಿ ಬಂದು ಅವಳ ಕೆನ್ನೆಯ ಮೂಳೆಗೆ ಬಡಿಯಿತು. ಅವಳು ಕೊಳವೆಯ ಗೋಡೆಗೆ ಅಪ್ಪಳಿಸಿ ಕೂತಳು. ಮೇಸ್ತ್ರಿ ಫ್ಯಾನು ನಿಲ್ಲಿಸಿ ಓಡಿಬಂದಾಗ ಕೆನ್ನೆಯ ಮೇಲೆ ರಕ್ತ ಇಳಿಯುತ್ತಿತ್ತು, ಅವಳು ಹ್ಯಾಂಡಲನ್ನೇ ನೋಡುತ್ತಿದ್ದಳು. ಇನ್ನೊಂದು ಪಟ್ಟಿ ತರಲೇ ಎಂದು ಅವನು ಕೇಳಿದ. ಬೇಡ, ಫ್ಯಾನು ಹಾಕು ಎಂದಳು.

ಈ ಸಲ ಕಟ್ಟಲಿಲ್ಲ. ಪೀಠದ ಪಕ್ಕ ನಿಂತು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಳು. ಹನ್ನೆರಡರವರೆಗೆ ಸಾಧುವಾಗಿತ್ತು. ಹದಿನಾಲ್ಕಕ್ಕೆ ಗಾಲಿಗೆ ಅಂಟಿದ್ದ ಗಾಳಿ ಒಂದೇ ಬಾರಿಗೆ ಕಳಚಿತು, ಹ್ಯಾಂಡಲ್ ಅವಳ ಹಿಡಿತವನ್ನು ಕಿತ್ತುಕೊಂಡು ಹೋಯಿತು. ಮತ್ತೆ ಹಿಡಿದಳು, ಮತ್ತೆ ಕಿತ್ತಿತು. ಏಳು ಸಲ. ನಾಲ್ಕನೆಯ ಸಲಕ್ಕೆ ಹೆಬ್ಬೆರಳು ಉಳುಕಿತ್ತು. ಮೂಟೆಗಳನ್ನು ತಿರುವಿ ಹಾಕಬಲ್ಲ ಕೈಗಳು ಅವಳವು. ಅವು ಎರಡೂ ಸೇರಿ ತಡೆಯಲಾಗದ್ದನ್ನು, ಮೊಳಕೈಯೂರಿ ಮಲಗಿದ ಸವಾರ ಹೇಗೆ ತಡೆದಾನು? ತಮ್ಮ ಬಿದ್ದಾಗ ಇದ್ದ ತೊಂಬತ್ತರ ಗಾಲಿಯನ್ನೂ ಹಾಕಿ ನೋಡಿದಳು. ಅದೂ ಅದೇ ಹದಿನಾಲ್ಕಕ್ಕೆ ಅದನ್ನೇ ಮಾಡಿತು.

ಇನ್ನು ಅವಳ ಮುಂದೆ ಇದ್ದದ್ದು ಎರಡೇ ದಾರಿ. ಹೇಳದಿದ್ದರೆ ತಮ್ಮ ಒಂಬತ್ತು ದಿನದ ನಂತರ ಆ ಗಾಲಿಯ ಮೇಲೆ ಆ ಸೇತುವೆಗೆ ಹೋಗುತ್ತಾನೆ. ಹೇಳಿದರೆ, ಅವನ ಮುಖ ಒಡೆದವಳು ತಾನು, ಅವನಿಂದ ಸುಳ್ಳಿಗೆ ಸಹಿ ಹಾಕಿಸಿದವಳು ತಾನು, ಸುಮ್ಮಸುಮ್ಮನೆ ಒಬ್ಬನ ಕೈ ಮುರಿದವಳು ತಾನು.

ಅವಳು ಮೊದಲು ಮೂರನೆಯ ದಾರಿ ಹುಡುಕಿದಳು. ಧೈರ್ಯವಂತೆ ಎಂದು ಹೆಸರಾದವರೂ ಇಂಥ ಕಡೆ ಹೀಗೇ ಮಾಡುತ್ತಾರೆ. ಹೊಸ ಗಾಲಿಯ ಅಂಟು ಬಿಟ್ಟಿದೆ, ಹಳೆಯದು ಬಿರುಕು ಬಿಟ್ಟಿದೆ, ಈ ಪಂದ್ಯಕ್ಕೆ ಮಾಮೂಲಿ ಗಾಲಿ ಹಾಕಿಕೊ ಎಂದು ತಮ್ಮನಿಗೆ ಹೇಳಿದಳು. ಅವನು ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಅಟ್ಟದ ಮೇಲಿಂದ ಎರಡೂ ಗಾಲಿಗಳನ್ನು ತಾನೇ ಇಳಿಸಿ, ಬೆಳಕಿಗೆ ಹಿಡಿದು ನೋಡಿದ.

“ಬಿರುಕು ಎಲ್ಲಿದೆ ತೋರ್ಸು.”

ಅವಳು ಗಾಲಿಗೆ ಕೈ ಚಾಚಿದಳು.

“ಹೆದ್ರಿದೀಯ. ಜೈಲು ನೋಡ್ಕೊಂಡು ಬಂದ್ಮೇಲೆ ಸುತ್ತಿಗೆ ಮೆತ್ತಗಾಗಿದೆ. ಬಿದ್ದಿದ್ದು ನಾನು ಕಣೆ, ನನಗಿಲ್ಲದ ಹೆದರಿಕೆ ನಿನಗ್ಯಾಕೆ?”

“ಗಾಲಿ ಕೆಳಗಿಡು.”

“ಇಡಲ್ಲ. ಇದನ್ನ ಹಾಕ್ಕೊಂಡು ಆ ಸೇತುವೆ ದಾಟ್ತೀನಿ. ಈ ಸಲ ತಳ್ಳೋಕೆ ಯಾರಿದಾರೆ?”

ಅವಳು ಗಾಲಿಯನ್ನು ಎಳೆದಳು. ಅವನು ಬಿಡಲಿಲ್ಲ. ಇಬ್ಬರೂ ಕೋಣೆಯ ಉದ್ದಕ್ಕೆ ಎಳೆದಾಡಿ, ಮೇಜು ಉರುಳಿ, ಅಚ್ಚು ಬಿದ್ದು ಒಡೆಯಿತು. ಅವನ ಭುಜ ಗೋಡೆಗೆ ತಾಗಿದಾಗ ಹಳೆಯ ಮುರಿತದ ನೋವಿಗೆ ಮುಖ ಕಿವುಚಿದ. ಅವಳು ಆಗ ಕೈಬಿಟ್ಟು ಹೇಳಿದಳು.

“ಯಾರೂ ತಳ್ಳಿಲ್ಲ. ಗಾಲಿ ಬೀಳಿಸ್ತು.”

ಅವನು ನಂಬಲಿಲ್ಲ. ತನ್ನನ್ನು ತಡೆಯಲು ಕಟ್ಟಿದ ಕಥೆ ಎಂದ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆ ಮನೆಯಲ್ಲಿ ಬಾಯಿಮಾತಿನಿಂದ ಯಾರೂ ಏನನ್ನೂ ಕಲಿತವರಲ್ಲ. ಅವನ ತೋಳು ಹಿಡಿದು ಕಾರ್ಖಾನೆಗೆ ಎಳೆದುಕೊಂಡು ಹೋದಳು. ಹೆಲ್ಮೆಟ್ಟು ಹಾಕಿಸಿ ಪೀಠದ ಮೇಲಿನ ಸೈಕಲಿಗೆ ಹತ್ತಿಸಿದಳು, ಕೊಂಬುಗಳ ಮೇಲೆ ಮೊಳಕೈ ಊರಿಸಿದಳು, ಮೇಸ್ತ್ರಿಗೆ ಕೈ ಮಾಡಿದಳು. ಗಾಳಿ ಬಂತು. ಅವಳು ಪೀಠ ತಿರುಗಿಸುತ್ತ ಹೋದಳು. ಹನ್ನೆರಡಕ್ಕೆ ಅವನು ಅವಳ ಕಡೆ ನೋಡಿ ಹಲ್ಲಿಲ್ಲದ ಬಾಯಲ್ಲಿ ನಕ್ಕ. ಹದಿನಾಲ್ಕಕ್ಕೆ ಹ್ಯಾಂಡಲ್ ಅವನ ಎರಡೂ ಕೈಗಳನ್ನು ಕೊಡವಿ ತಿರುಗಿತು. ಅವನು ತಲೆಕೆಳಗಾಗಿ ತಗಡಿನ ಗೋಡೆಗೆ ಹೋಗಿ ಬಿದ್ದ. ಇರುಸುಗಳು ಬಿಗಿದಿದ್ದವು, ಸೈಕಲ್ ನಿಂತೇ ಇತ್ತು. ರಸ್ತೆಯಲ್ಲಿ ಅದೂ ನಿಲ್ಲುತ್ತಿರಲಿಲ್ಲ.

ಫ್ಯಾನು ನಿಂತಿತು. ಅವನು ಗೋಡೆಗೆ ಒರಗಿ ಎದ್ದು ಕೂತ. ತುಟಿ ಒಡೆದಿತ್ತು.

“ಕೊಕ್ಕರೆ?” ಎಂದ.

“ಮುಟ್ಟಿಲ್ಲ.”

“ನಾನು ಸಹಿ ಹಾಕಿದೀನಿ.”

“ಹಾಕ್ಸಿದ್ದು ನಾನು.”

ಅವನು ಎದ್ದು ಬಂದು ಅವಳಿಗೆ ಹೊಡೆದ. ಆಗಲೇ ಊದಿದ್ದ ಕೆನ್ನೆಯ ಮೇಲೆ, ಮುಷ್ಟಿಯಿಂದ, ಎರಡು ಸಲ. ಅವಳು ತಿರುಗಿ ಅವನ ಹೊಟ್ಟೆಗೆ ಗುದ್ದಿದಳು. ಅಭ್ಯಾಸ; ಯೋಚಿಸಿ ಮಾಡಿದ್ದಲ್ಲ. ಕಿರಿದಾದ ಕೊಳವೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಜೋತುಬಿದ್ದು ಬಡಿದಾಡಿದರು, ತಗಡು ಗುಡುಗಿತು. ಮೇಸ್ತ್ರಿ ನಡುವೆ ನುಗ್ಗಿ ಕನ್ನಡಕ ಒಡೆಸಿಕೊಂಡು ಬಿಡಿಸಿದ. ತಮ್ಮ ಹೆಲ್ಮೆಟ್ಟು ಬಿಚ್ಚಿ ನೆಲಕ್ಕೆ ಅಪ್ಪಳಿಸಿ, ನಡೆದುಕೊಂಡು ಹೋದ. ಮನೆಗೆ ಬರಲಿಲ್ಲ. ಗೋದಾಮಿನಲ್ಲೇ ಮಲಗತೊಡಗಿದ.

ಪಂದ್ಯದ ದಿನ ಅವಳು ಸೇತುವೆಯ ಆಚೆ ತುದಿಯಲ್ಲಿ, ಬಾವುಟದವನ ಪಕ್ಕ ನಿಂತಿದ್ದಳು. ತಮ್ಮ ಯಾರಿಂದಲೋ ಎರವಲು ತಂದ ಗಿಡ್ಡ ಅಂಚಿನ ಗಾಲಿ ಹಾಕಿಕೊಂಡು ಬಂದ. ಗೋಡೆ ಮುಗಿದಲ್ಲಿ ಗಾಳಿ ಬಡಿದು ಸೈಕಲ್ ಒಂದು ಮೊಳ ಸರಿಯಿತು, ನೆಟ್ಟಗಾಯಿತು. ಅವನು ಅವಳ ಮುಂದೆಯೇ ಹಾದು ಹೋದ, ಕಣ್ಣು ತಿರುಗಿಸಲಿಲ್ಲ. ಆರನೆಯವನಾಗಿ ಮುಗಿಸಿದ.

ಮರುದಿನ ಅವಳು ಕ್ಷೌರದಂಗಡಿಗೆ ಹೋದಳು. ಕತ್ತರಿ ಹಿಡಿದಿದ್ದವಳು ಕೊಕ್ಕರೆಯ ಹೆಂಡತಿ. ಅವನು ಮೂಲೆಯಲ್ಲಿ ಕೂತು ಎಡಗೈಯಲ್ಲಿ ಟವೆಲ್ಲು ಮಡಿಸುತ್ತಿದ್ದ. ಅವಳನ್ನು ಕಂಡದ್ದೇ ಹೆಂಡತಿ, ಕೈಯಲ್ಲಿದ್ದ ಕತ್ತರಿಯನ್ನು ಮೊನೆ ಮುಂದಾಗಿ ಹಿಡಿದು ಅಡ್ಡ ನಿಂತಳು. ಗಿರಾಕಿ ಕುರ್ಚಿಯಲ್ಲೇ ಕುಗ್ಗಿದ. ಬಂದವಳು ಹೊಸ್ತಿಲಾಚೆಯೇ ನಿಂತು, ಕೊಳವೆ, ಪಟ್ಟಿ, ಹದಿನಾಲ್ಕು ಡಿಗ್ರಿ, ಎಲ್ಲವನ್ನೂ ಕಾರ್ಖಾನೆಯ ವರದಿ ಓದುವ ಧಾಟಿಯಲ್ಲಿ ಹೇಳಿದಳು. ಕ್ಷಮಿಸು ಎಂಬ ಮಾತು ಅದರಲ್ಲಿ ಇರಲಿಲ್ಲ.

“ಆವತ್ತೇ ಹೇಳಿದ್ನಲ್ಲ ಅಕ್ಕ,” ಎಂದ ಅವನು.

“ಕೋರ್ಟಲ್ಲಿ ಹೇಳ್ತೀಯೇನಮ್ಮ ಇದನ್ನ?” ಎಂದಳು ಹೆಂಡತಿ. ಕತ್ತರಿ ಇನ್ನೂ ಇಳಿದಿರಲಿಲ್ಲ.

“ಹೇಳ್ತೀನಿ.”

“ಹಾಗಾದ್ರೆ ಹೇಳಿ ಆದ್ಮೇಲೂ ಈ ಕಡೆ ಬರ್ಬೇಡ.”

ನ್ಯಾಯಾಲಯದಲ್ಲಿ ಅವಳು ಹೇಳಿದಾಗ ಅವಳ ವಕೀಲ ಫೈಲನ್ನು ಮುಖಕ್ಕೆ ಅಡ್ಡ ಹಿಡಿದ. ತಮ್ಮ ಬರೆದುಕೊಟ್ಟದ್ದು ತಾನು ಹೇಳಿಕೊಟ್ಟದ್ದು, ಅವನಿಗೆ ಏನೂ ನೆನಪಿಲ್ಲ ಎಂದೂ ಸೇರಿಸಿದಳು. ನ್ಯಾಯಾಧೀಶರು, ಮುಟ್ಟಿಲ್ಲ ಎಂದು ಆ ಮನುಷ್ಯ ಅಂದೇ ಹೇಳಿದ್ದನಲ್ಲ, ಏಕೆ ನಂಬಲಿಲ್ಲ ಎಂದು ಕೇಳಿದರು.

“ನಂಬಿದ್ದೆ ಸಾರ್. ನಂಬಿದ್ದಕ್ಕೇ ಹೊಡ್ದೆ. ಹ್ಯಾಂಡಲ್ ತಾನಾಗೇ ತಿರುಗ್ತು ಅಂದ. ತಿರುಗಿದ್ರೆ ಅದು ನನ್ನ ಗಾಲಿ.”

ಎಂಟು ತಿಂಗಳು ಶಿಕ್ಷೆಯಾಯಿತು. ಅಲ್ಲಿಯೂ ಮೊದಲ ವಾರವೇ ಸಾಲಿನಲ್ಲಿ ತಳ್ಳಿದವಳೊಬ್ಬಳ ಕೈ ತಿರುಚಿ, ಹದಿನೈದು ದಿನ ಒಂಟಿ ಕೋಣೆಯಲ್ಲಿ ಕಳೆದಳು. ಸಜೆ ಮನುಷ್ಯರನ್ನು ತಿದ್ದುತ್ತದೆ ಎಂದು ಹೇಳುವವರು ಒಳಗೆ ಹೋಗಿ ನೋಡಿದವರಲ್ಲ.

ಐದು ತಿಂಗಳವರೆಗೆ ಅವಳನ್ನು ನೋಡಲು ಯಾರೂ ಬರಲಿಲ್ಲ. ಆರನೆಯ ತಿಂಗಳು ತಮ್ಮ ಬಂದ. ಜಾಲರಿಯ ಆಚೆ ಕೂತು, ಹೇಗಿದ್ದೀಯ ಎಂದು ಕೇಳಲಿಲ್ಲ. ಮೇಸ್ತ್ರಿಯನ್ನು ಒಪ್ಪಿಸಿ ತಾನೇ ಭಾನುವಾರಗಳಲ್ಲಿ ಕೊಳವೆಗೆ ಹೋಗುತ್ತಿರುವುದಾಗಿ ಹೇಳಿದ. ಅವಳ ಅಚ್ಚನ್ನು ಅಂಟಿಸಿ ಅರವತ್ತು ಮಿಲಿಮೀಟರಿಗೆ ಇಳಿಸಿದ್ದ. ಅಂಚನ್ನು ಮೊನಚು ಬಿಟ್ಟು ದುಂಡಗೆ ಮಾಡಿದ್ದ, ಕೈ ಬಂದಂತೆ ಮಾಡಿದ್ದು. ಹದಿನೆಂಟರವರೆಗೆ ಸುಮ್ಮನಿರುತ್ತದೆ, ಆಮೇಲೂ ಕಿತ್ತುಕೊಳ್ಳುವುದಿಲ್ಲ, ಮೆಲ್ಲಗೆ ಜಗ್ಗುತ್ತದೆ ಅಷ್ಟೇ ಎಂದ.

“ಹ್ಯಾಂಡಲ್ ಯಾರು ಹಿಡ್ಕೊಂಡಿದ್ರು?”

“ನಾನೇ.”

“ಹೆಲ್ಮೆಟ್?”

ಅವನು ತಲೆ ಕೆರೆದುಕೊಂಡ. ಅವಳು ಎದ್ದು ಅಂಗೈಯಿಂದ ಜಾಲರಿಗೆ ಎಷ್ಟು ಜೋರಾಗಿ ಬಡಿದಳೆಂದರೆ ಕಾವಲಿನವಳು ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು.

“ಹೊಡಿ ಹೊಡಿ,” ಎಂದ ಅವನು, ಬಾಯಿಯ ಬಲಗಡೆಯಿಂದ. “ಇಲ್ಲಿಂದ ಎಟುಕಲ್ಲ.”

“ಇನ್ನು ಎರಡು ತಿಂಗಳಿಗೆ ಎಟುಕುತ್ತೆ.”

“ಅದನ್ನೇ ಕೇಳೋಕೆ ಬಂದೆ ಅಕ್ಕ. ಆಮೇಲೂ ಹೊಡಿಯೋದಾದ್ರೆ ಈ ಅಂಕಿಗಳನ್ನ ನಾನು ಇನ್ಯಾರಿಗಾದ್ರೂ ತೋರಿಸ್ತೀನಿ. ಮನೆಗೂ ಬರಲ್ಲ.”

ಅವನ ಕೈಯಲ್ಲಿ ಮಡಿಸಿದ ಕಾಗದವಿತ್ತು. ಅವನು ಅದನ್ನು ಬಿಚ್ಚಲಿಲ್ಲ. ಕಾವಲಿನವಳು ಹೊತ್ತಾಯಿತೆಂದು ಒಮ್ಮೆ ಹೇಳಿದಳು, ಇನ್ನೊಮ್ಮೆ ಹೇಳಿದಳು. ಅವಳು ಜಾಲರಿಯಿಂದ ಕೈ ತೆಗೆದು, ಬೆಂಚಿನ ಮೇಲೆ ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

“ಹೊಡಿಯಲ್ಲ,” ಎಂದಳು.

ಅವನು ಕಾಗದ ಬಿಚ್ಚಿ ಜಾಲರಿಗೆ ಒತ್ತಿ ಹಿಡಿದ. ಅವಳು ಮೇಲಿನ ಸಾಲಿನಿಂದ ಓದತೊಡಗಿದಳು.